ಬಲಗಡೆಯ ಮೊದಲ ಅಕ್ಷರ

ಗಂಗಾವತಿಯ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಬಿ.ಎ. ಕೊನೆಯ ವರ್ಷದವರಿಗೆ ಒಂದು ಕಾದಂಬರಿ ಪಠ್ಯವಾಗಿ ಬಂತು. ಯುರೋಪಿನ ಸಣ್ಣ ಊರೊಂದರ ಯಹೂದಿ ಹುಡುಗ ಬೆಳೆದು ದೊಡ್ಡವನಾಗುವ ಕಥೆ. ಓಣಿಯ ಮಕ್ಕಳು ಅವನನ್ನು ಆಟಕ್ಕೆ ಸೇರಿಸುವುದಿಲ್ಲ. ಅವನ ಅಪ್ಪನ ಅಂಗಡಿ ಬಾಗಿಲ ಮೇಲೆ ಯಾರೋ ಸುಣ್ಣದಲ್ಲಿ ಬೈಗುಳ ಬರೆಯುತ್ತಾರೆ. ಹುಡುಗ ಅಳುತ್ತ ಬಂದಾಗ ಅವನ ಅಜ್ಜ ತಮ್ಮ ಜನರ ಹಳೆಯ ಕಥೆಯೊಂದನ್ನು ಹೇಳುತ್ತಾನೆ. ಒಬ್ಬ ಧರ್ಮಗುರು ಹೊಳೆದಂಡೆಯ ಮಣ್ಣಿನಿಂದ ಮನುಷ್ಯನನ್ನು ಮಾಡಿ, ಅವನ ಹಣೆಯ ಮೇಲೆ ‘ಸತ್ಯ’ ಎಂದು ಬರೆದನಂತೆ. ಮಣ್ಣಿಗೆ ಜೀವ ಬಂದು ಅದು ಊರಿನ ಯಹೂದಿಗಳನ್ನು ಕಾಯಿತಂತೆ. ಕೊನೆಗೆ ಅದರ ಬಲ ಯಾರ ಮಾತೂ ಕೇಳದಂತಾದಾಗ ಗುರು ಹಣೆಯ ಮೇಲಿನ ಪದದ ಮೊದಲ ಅಕ್ಷರವನ್ನು ಅಳಿಸಿದ. ಅವರ ಹೀಬ್ರೂ ಭಾಷೆಯಲ್ಲಿ ಆಗ ಉಳಿದದ್ದು ‘ಸತ್ತ’ ಎಂಬ ಪದ. ಮಣ್ಣಿನ ಮನುಷ್ಯ ಅಲ್ಲೇ ಕುಸಿದು ಮತ್ತೆ ಮಣ್ಣಾದ. ಆ ಜನ ಅವನನ್ನು ಗೋಲೆಮ್ ಅನ್ನುತ್ತಾರೆ.

ನಮ್ಮ ಯಲಬುರ್ಗಾ ಕಡೆಯ ಮನೆಗಳಲ್ಲಿ ಯಹೂದಿ ಎಂಬ ಪದವನ್ನೇ ಯಾರೂ ಆಡಿದ್ದಿಲ್ಲ. ನಾನು ಅವರಲ್ಲಿ ಒಬ್ಬರನ್ನೂ ಕಂಡವಳಲ್ಲ. ಹಾಗಾಗಿ ಈ ಪಾಠಕ್ಕೆ ನಾನು ಮಾಡಿಕೊಂಡ ತಯಾರಿ ಅಂದರೆ ಒಂದು ಗೈಡು. ಅದರಲ್ಲಿ ‘ಕಾದಂಬರಿಯ ಸಂಕೇತಗಳು’ ಅಂತ ಒಂದು ಅಧ್ಯಾಯ ಇತ್ತು. ಮಣ್ಣು ಅಂದರೆ ಇದು, ಹೊಳೆ ಅಂದರೆ ಇದು, ಸುಣ್ಣ ಅಂದರೆ ಇದು. ಅದನ್ನೇ ನನ್ನ ಅಕ್ಷರದಲ್ಲಿ ಬರೆದುಕೊಂಡು ತರಗತಿಗೆ ಹೋಗಿ ನಿಧಾನಕ್ಕೆ ಓದುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಅದಕ್ಕೇ ಪಾಠ ಅನ್ನುತ್ತಿದ್ದೆವು.

ಒಂದು ಮಾತ್ರ ನನ್ನ ಸ್ವಂತದ್ದಿತ್ತು. ಕನ್ನಡದಲ್ಲೂ ಸತ್ಯಕ್ಕೂ ಸತ್ತದ್ದಕ್ಕೂ ನಡುವೆ ಒಂದು ಒತ್ತಕ್ಷರದ ಅಂತರವಷ್ಟೇ ಇದೆಯಲ್ಲ ಎಂಬುದು ಸ್ಕೂಟಿ ಮೇಲೆ ಬರುವಾಗ ಹೊಳೆದಿತ್ತು. ಖುಷಿ ತಡೆಯಲಾಗದೆ ಆ ದಿನ ತರಗತಿಯನ್ನು ಅಲ್ಲಿಂದಲೇ ಶುರು ಮಾಡಿದೆ. ಬೋರ್ಡಿನ ಮೇಲೆ ಎರಡೂ ಪದ ಬರೆದು ತೋರಿಸಿದೆ. ಹುಡುಗಿಯರು “ಹೌದಲ್ರಿ!” ಅಂದರು. ಉಬ್ಬಿಹೋದೆ. ಕಾದಂಬರಿಯ ಒಂದು ಪುಟದಲ್ಲಿ ಆ ಮೂರು ಹೀಬ್ರೂ ಅಕ್ಷರಗಳ ಚಿತ್ರ ಇತ್ತು. ಪುಸ್ತಕ ಕೈಯಲ್ಲಿ ಹಿಡಿದು ನೋಡಿ ನೋಡಿ ಅವನ್ನೂ ದೊಡ್ಡದಾಗಿ ಬರೆದೆ. “ಇದು ಎಮೆತ್, ಅಂದರೆ ಸತ್ಯ. ಈಗ ಮೊದಲನೇ ಅಕ್ಷರ ಅಳಿಸೋಣ,” ಅಂತ ಡಸ್ಟರಿನಿಂದ ಎಡಗಡೆಯ ಅಕ್ಷರವನ್ನು ಒರೆಸಿದೆ. “ಈಗ ಉಳಿದಿದ್ದು ಮೆತ್. ಸತ್ತ.”

“ಮೇಡಂ, ಅದು ಮೊದಲನೇದು ಅಲ್ರಿ.”

ಕಿಟಕಿ ಬದಿಯ ಕೊನೆಯ ಸಾಲಿನಿಂದ ದನಿ ಬಂತು. ಕನಕಗಿರಿಯಿಂದ ದಿನಾ ಬಸ್ಸಿಗೆ ಬರುವ ಮುಸ್ಲಿಂ ಹುಡುಗಿ. ಎರಡು ವರ್ಷ ನನ್ನ ತರಗತಿಯಲ್ಲಿ ಕೂತಿದ್ದರೂ ನಾನು ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಈ ವರ್ಷ ಮುಗಿಯುವುದರೊಳಗೆ ಇವಳ ಮದುವೆ ಆಗುತ್ತದೆ, ಓದು ಅಲ್ಲಿಗೆ ಮುಗಿಯುತ್ತದೆ ಅಂತ ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಹಾಗೆ ಅಂತ ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ.

“ಹಂಗಂದ್ರ?” ಅಂದೆ.

“ಅದನ್ನ ಬಲಗಡಿಯಿಂದ ಓದಬೇಕ್ರಿ. ನೀವು ಅಳಿಸಿದ್ದು ಕಡೀ ಅಕ್ಷರ.”

ಮುಂದಿನ ಬೆಂಚಿನಲ್ಲಿ ನಕ್ಕ ಸದ್ದು. ಅಕ್ಕಿ ಗಿರಣಿಯವರ ಮಗಳು, ಇಂಗ್ಲಿಷ್ ಮೀಡಿಯಂನಿಂದ ಬಂದವಳು, ತರಗತಿಗೇ ಮೊದಲಿಗಳು. “ಅದು ನಿಮ್ಮ ಉರ್ದು ಅಲ್ಲ, ಹೀಬ್ರೂ,” ಅಂದಳು. ಆಚೀಚೆಯವರೂ ನಕ್ಕರು. ಕನಕಗಿರಿ ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು, “ಕೂತ್ಕೋ. ಪರೀಕ್ಷಾದಾಗ ಇದನ್ನೇನ ಕೇಳಂಗಿಲ್ಲ,” ಅಂದುಬಿಟ್ಟೆ. ಅವಳು ಕೂತಳು. ನಾನು ಗೈಡಿನ ಮುಂದಿನ ಸಂಕೇತಕ್ಕೆ ಹೋದೆ.

ಸಂಜೆ ಮನೆಗೆ ಬಂದು ಚಹಾಕ್ಕೆ ಇಟ್ಟೆ. ಅದು ಕುದಿಯುವುದರೊಳಗೆ ಪುಸ್ತಕ ತೆಗೆದೆ. ಮನಸ್ಸಿಗೆ ಕಿರಿಕಿರಿಯಾಗಿತ್ತು. ಎರಡನೆಯ ಅಧ್ಯಾಯದಲ್ಲೇ ಇತ್ತು: ಅಜ್ಜ ಪ್ರಾರ್ಥನೆಯ ಪುಸ್ತಕವನ್ನು ‘ಹಿಂದಿನಿಂದ’ ತೆರೆಯುತ್ತಾನೆ ಅಂತ ಓಣಿಯ ಮಕ್ಕಳು ಅಣಕಿಸುವ ಪ್ರಸಂಗ. ನಾನು ಅದನ್ನು ಓದಿದ್ದೆ, ಓದಿ ದಾಟಿಬಿಟ್ಟಿದ್ದೆ. ಮೊಬೈಲಿನಲ್ಲಿ ಹುಡುಕಿ ನೋಡಿದರೆ ಅವಳು ಹೇಳಿದ್ದೇ ಸರಿ. ಆ ಲಿಪಿ ಬಲದಿಂದ ಎಡಕ್ಕೆ. ಇಪ್ಪತ್ತು ಚಿಲ್ಲರೆ ಮಕ್ಕಳ ಮುಂದೆ ನಾನು ತಪ್ಪು ಅಕ್ಷರ ಅಳಿಸಿದ್ದೆ. ಸರಿ ಹೇಳಿದವಳನ್ನು ಕೂರಿಸಿ, ನಕ್ಕವರಿಗೆ ಏನೂ ಅಂದಿರಲಿಲ್ಲ. ಯಾವ ಕಾದಂಬರಿ ಪಾಠ ಮಾಡುವಾಗ? ನಕ್ಕವರಿಂದ ಒಂದು ಮಗು ಏನೇನು ಅನುಭವಿಸಿತು ಎಂಬ ಕಾದಂಬರಿಯನ್ನು! ಚಹಾ ಉಕ್ಕಿ ಒಲೆಯೆಲ್ಲ ಆಯಿತು.

ಮರುದಿನ ಹಾಜರಿ ಹಾಕುವ ಮೊದಲೇ ಹೇಳಿದೆ: “ನಿನ್ನೆ ನಾನು ತಪ್ಪು ಮಾಡಿದೆ. ಆಕಿ ಸರಿ ಹೇಳಿದ್ಲು. ತಪ್ಪು ಒಪ್ಪಿಕೊಳ್ಳೋದು ಬಿಟ್ಟು ಆಕೀನ್ನ ಕೂರಿಸಿದೆ, ಅದು ಇನ್ನೂ ದೊಡ್ಡ ತಪ್ಪು.” ಅವಳ ಕಡೆ ಸೀಮೆಸುಣ್ಣ ಚಾಚಿ, “ಬಾರವಾ, ನೀನ ಹೇಳು,” ಅಂದೆ.

ಅವಳು ಬಂದಳು. ಚಿತ್ರ ನೋಡಿಕೊಂಡು ಮೂರು ಅಕ್ಷರ ಬರೆದಳು, ಬಲಗಡೆಯಿಂದ. “ಈ ಅಕ್ಷರ ನನಗ ಓದಾಕ ಬರಂಗಿಲ್ರಿ,” ಅಂತ ಮೊದಲೇ ಹೇಳಿದಳು. “ಆದ್ರ ಇದರ ಹೆಸರು ಅಲೆಫ್ ಅಂತ ಕಾದಂಬರಿಯೊಳಗ ಬರದಾರ. ನಾವು ಸಣ್ಣಾವ್ರಿದ್ದಾಗ ಮುಂಜಾನೆ ಅರಬ್ಬೀ ಕಲಿಯಾಕ ಹೋಗ್ತಿದ್ವಿ. ಅಲ್ಲಿ ಮೊದಲನೇ ಅಕ್ಷರ ಅಲಿಫ್. ಹಂಗಾಗಿ ಇದು ಮೊದಲನೇದು ಅಂತ ಗೊತ್ತಾತು.” ಬೆರಳಿನಿಂದ ಬಲಗಡೆಯ ಅಕ್ಷರ ಒರೆಸಿದಳು. “ಉಳಿದದ್ದು ಮೆತ್. ನಮ್ಮನ್ಯಾಗ ಸಾವಿಗೆ ಮೌತ್ ಅಂತಾರ್ರಿ. ಇದನ್ನ ಓದಿದಾಗ ನನಗ ಮೈ ಜುಮ್ಮಂತು. ಅವರ ಮನಿ ಮಾತು, ನಮ್ಮನಿ ಮಾತು ಒಂದ ಬಳಗ ಅನ್ನಿಸ್ತು.”

ಆಮೇಲೆ ಒಂದು ಮಾತು ಹೇಳಿದಳು. “ಅಜ್ಜ ಪುಸ್ತಕಾನ ಹಿಂದಿನಿಂದ ತೆಗೀತಾನ ಅಂತ ಆ ಹುಡುಗ್ರು ನಗ್ತಾರಲ್ರಿ. ಅವ ಹಿಂದಿನಿಂದ ತೆಗಿಯಾಕತ್ತಿಲ್ಲ. ಮುಂದಿನಿಂದನ ತೆಗೀತಾನ. ಅವರ ಮುಂದ ಆ ಕಡಿ ಐತಿ, ಅಷ್ಟ.”

ನನ್ನ ಗೈಡಿನಲ್ಲಿ ಈ ಪುಸ್ತಕ ತೆರೆಯುವ ಪ್ರಸಂಗದ ಬಗ್ಗೆ ಒಂದು ಸಾಲೂ ಇರಲಿಲ್ಲ. ಪೂರ್ವಗ್ರಹ ಎಂಬ ಪದವನ್ನು ನಾನು ಆ ವರ್ಷ ಎಷ್ಟು ಸಲ ಬರೆಸಿದ್ದೆನೋ, ಅದರ ಅರ್ಥ ಅವತ್ತು ಮೊದಲ ಸಲ ನನ್ನ ತರಗತಿಯೊಳಗೆ ಬಂದಿತ್ತು. ಎದೆ ತುಂಬಿ ಬಂತು. ನಾನು ಕಲಿಸಿದ್ದಲ್ಲ ಅದು, ಆದರೂ ನನ್ನ ವಿದ್ಯಾರ್ಥಿನಿ ಅಂತ ಒಂಥರಾ ಹೆಮ್ಮೆ.

ಆ ತಿಂಗಳು ಕೊಪ್ಪಳದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ವಿಚಾರಸಂಕಿರಣ ಇತ್ತು. ಒಂದು ಕಾಲೇಜಿನಿಂದ ಒಬ್ಬರು ಪ್ರಬಂಧ ಓದಬೇಕು. ಗಿರಣಿಯವರ ಮಗಳಿಗೆ ಮೊದಲೇ ಮಾತು ಕೊಟ್ಟಿದ್ದೆ. ಅವಳನ್ನು ಕರೆದು, “ಈ ಸಲ ಆಕಿ ಹೋಗಲಿ. ವಿಷಯ ಆಕೀದು,” ಅಂದೆ. ಅವಳ ಮುಖ ಕೆಂಪಾಯಿತು. “ಆಕಿ ಇಂಗ್ಲಿಷ್ ಹೆಂಗೈತಿ ಅಂತ ನಿಮಗ ಗೊತ್ತೈತೇನ್ರಿ?” ಅಂದಳು. ಗೊತ್ತಿತ್ತು. ವಾಕ್ಯಗಳು ಕುಂಟುತ್ತಿದ್ದವು. “ತಿದ್ದೋಣ,” ಅಂದೆ. ಎರಡು ದಿನ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಗ್ರಂಥಾಲಯಕ್ಕೆ ಹೋದರೆ, ಒಬ್ಬಳು ಹೇಳುತ್ತಿದ್ದಳು, ಇನ್ನೊಬ್ಬಳು ತನ್ನ ಲ್ಯಾಪ್‌ಟಾಪಿನಲ್ಲಿ ಬಡಿಯುತ್ತಿದ್ದಳು. ಟೈಪು ಮಾಡುತ್ತಿದ್ದವಳು ಗಿರಣಿಯವರ ಮಗಳು. ನಕ್ಕದ್ದಕ್ಕೆ ಅವಳು ಕ್ಷಮೆ ಕೇಳಿದ್ದನ್ನು ನಾನು ಕೇಳಲಿಲ್ಲ. ಅವಳು ಕ್ಷಮೆ ಕೇಳಿರಲಿಕ್ಕೂ ಇಲ್ಲ. ಆದರೆ ಆ ಪ್ರಬಂಧದ ಪ್ರತಿ ವಾಕ್ಯವನ್ನೂ ಅವಳೇ ನೆಟ್ಟಗೆ ಮಾಡಿದಳು.

ಅಷ್ಟರಲ್ಲಿ ಕನಕಗಿರಿ ಹುಡುಗಿ ಒಂದು ದಿನ ಮುಖ ಸಪ್ಪಗೆ ಮಾಡಿಕೊಂಡು ಬಂದಳು. “ಏನಾತು?” ಅಂದೆ.

“ನಮ್ಮ ಮಾಮು ಬುಕ್ ನೋಡ್ಯಾರ್ರಿ. ಯಹೂದಿ ಕಥಿ ಯಾಕ ಓದ್ತಿ, ಅದರ ಮ್ಯಾಲ ಭಾಷಣಾನೂ ಮಾಡ್ತಿಯೇನು ಅಂತ ಸಿಟ್ಟಾಗ್ಯಾರ. ಕೊಪ್ಪಳಕ್ಕ ಕಳಸಬ್ಯಾಡ ಅಂತ ಅಬ್ಬಾಗ ಹೇಳ್ಯಾರ.”

ಅವಳ ಸೋದರಮಾವನ ಜೊತೆ ವಾದ ಮಾಡುವ ಧೈರ್ಯ ನನಗಿರಲಿಲ್ಲ. ಅವಳ ತಂದೆಯನ್ನು ಕಾಣೋಣ ಅಂದೆ. ಅವರು ಕನಕಗಿರಿ ರಸ್ತೆಯ ಇಟ್ಟಂಗಿ ಭಟ್ಟಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಕಲಸಿದ ಮಣ್ಣನ್ನು ಅಚ್ಚಿಗೆ ತುಂಬಿ ಇಟ್ಟಂಗಿ ಹೊಡೆಯುವ ಕೆಲಸ. ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಅವಳನ್ನು ಸ್ಕೂಟಿ ಹಿಂದೆ ಕೂರಿಸಿಕೊಂಡು ಹೋದೆ.

ಸಾಲು ಸಾಲು ಹಸಿ ಇಟ್ಟಂಗಿ ಬಿಸಿಲಿಗೆ ಒಣಗುತ್ತಿದ್ದವು. ಅವರು ಕೈ ತೊಳೆದುಕೊಂಡು ಓಡಿ ಬಂದರು. ನನಗೆ ಕೂರಲು ಏನೂ ಇಲ್ಲವೆಂದು ಸುಟ್ಟ ಇಟ್ಟಂಗಿ ಒಂದರ ಮೇಲೊಂದು ಪೇರಿಸಿ ಮೇಲೆ ತಮ್ಮ ಟವೆಲ್ ಹಾಸಿದರು. “ಕುಂದರ್ರಿ ಮೇಡಂ. ನಮ್ಮ ಹುಡುಗಿ ಏನಾರ ತಪ್ಪು ಮಾಡ್ಯಾಳೇನ್ರಿ?”

“ಇಲ್ರಿ. ತಪ್ಪು ನಾ ಮಾಡಿದ್ದೆ, ಆಕಿ ತಿದ್ದಿದ್ಲು,” ಅಂದೆ. ನಡೆದದ್ದನ್ನೆಲ್ಲ ಹೇಳಿದೆ. ಕಾದಂಬರಿಯ ಕಥೆಯನ್ನೂ ಹೇಳಿದೆ: ಆ ಹುಡುಗ ತನ್ನನ್ನು ಕಾಡುವವರನ್ನು ಹೊಡೆಸಬೇಕೆಂದು ತಾನೂ ಗೇಣುದ್ದದ ಮಣ್ಣಿನ ಮನುಷ್ಯನನ್ನು ಮಾಡಿ ಕಿಟಕಿಯ ಮೇಲೆ ಇಡುತ್ತಾನೆ; ಅದಕ್ಕೆ ಜೀವ ಬರುವುದಿಲ್ಲ; ಕೊನೆಗೊಂದು ದಿನ ಮಳೆಗೆ ಕರಗಿಹೋಗುತ್ತದೆ; ಹುಡುಗ ಆ ಮಣ್ಣನ್ನು ಬಾಚಿ ಹೂವಿನ ಕುಂಡಕ್ಕೆ ಹಾಕುತ್ತಾನೆ.

ಅವರು ಗಮನವಿಟ್ಟು ಕೇಳಿದರು. ಆಮೇಲೆ, “ಆ ಮಣ್ಣಿನ ಮನಷ್ಯಾನ್ನ ಸುಟ್ಟಿದ್ರೇನ್ರಿ?” ಅಂದರು.

“ಇಲ್ಲ. ಹಸಿ ಮಣ್ಣು.”

“ದೊಡ್ಡಾಂವನ್ನ? ಗುರು ಮಾಡಿದಾಂವನ್ನ?”

“ಅವನನ್ನೂ ಸುಟ್ಟಿದ್ದು ಎಲ್ಲೂ ಬರೆದಿಲ್ಲ.”

“ಹಂಗಾದ್ರ ಛಲೋ ಆತು,” ಅಂದರು. “ನೋಡ್ರಿ, ಹಸಿ ಇಟ್ಟಂಗಿ ಮಳಿಗೆ ಕರಗಿದ್ರ ನನಗೇನ ದುಃಖ ಇಲ್ಲ. ತಿರುಗಿ ಕುಣಿಗೆ ಹಾಕಿ ತುಳದ್ರ ಅದ ಮಣ್ಣು, ಮತ್ತ ಇಟ್ಟಂಗಿ ಆಕ್ಕೈತಿ. ಒಮ್ಮೆ ಸುಟ್ಟ ಮ್ಯಾಲ ಸೊಟ್ಟ ಆತಂದ್ರ ಮುಗೀತು, ಅದನ್ನ ತಿದ್ದಾಕ ಬರಂಗಿಲ್ಲ. ಸಣ್ಣ ಹುಡುಗ ಸಿಟ್ಟಿನಾಗ ಮಾಡಿದ್ದು. ಸುಡಲಿಲ್ಲಲ್ಲ, ಅದ ಪುಣ್ಯ.”

ನಾನು ಮಗಳ ಮುಖ ನೋಡಿದೆ. ಅವಳು ಆಗಲೇ ನೋಟ್‌ಬುಕ್ ತೆಗೆದಿದ್ದಳು. ಗೈಡು ಬರೆದವರು, ಅದನ್ನು ನಕಲು ಮಾಡಿದ ನಾನು, ಯಾರಿಗೂ ಬಾರದ ಪ್ರಶ್ನೆಯನ್ನು ದಿನಾ ಮಣ್ಣಿನಲ್ಲಿ ಕೈಯಾಡಿಸುವ ಮನುಷ್ಯ ಮೊದಲ ಮಾತಿಗೇ ಕೇಳಿದ್ದರು.

“ಕೊಪ್ಪಳಕ್ಕ ಕಳಸ್ತೀರೇನ್ರಿ?” ಅಂದೆ.

“ನಾನೂ ಬರ್ತೀನ್ರಿ,” ಅಂದರು. “ಆಕಿ ಮಾಮುಗ ನಾ ಹೇಳ್ತೀನಿ. ಓದಿದ್ರ ಯಾರೂ ಕೆಡಂಗಿಲ್ಲ.”

ಸಂಕಿರಣದ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ನಮಗಿಂತ ಮೊದಲೇ ನಿಂತಿದ್ದರು. ಗಿರಣಿಯವರ ಮಗಳೂ ನಮ್ಮ ಜೊತೆ ಬಂದಿದ್ದಳು, ಯಾರೂ ಕರೆಯದೆ. ಸಭಾಂಗಣದಲ್ಲಿ ಅವಳು ಕನಕಗಿರಿ ಹುಡುಗಿಯ ತಂದೆಯ ಪಕ್ಕದಲ್ಲೇ ಕೂತು, ಇಂಗ್ಲಿಷಿನಲ್ಲಿ ಓದುತ್ತಿದ್ದುದನ್ನು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತ ಹೋದಳು.

ಕನಕಗಿರಿ ಹುಡುಗಿ ಓದಿದಳು. ಮೊದಲ ಪುಟದಲ್ಲಿ ದನಿ ಕೇಳಿಸಲಿಲ್ಲ; ಹಿಂದಿನಿಂದ ಯಾರೋ “ಜೋರಾಗಿ” ಅಂದರು. ಎರಡನೆಯ ಪುಟಕ್ಕೆ ಅವಳು ತಲೆ ಎತ್ತಿದಳು. ಪುಸ್ತಕದ ಮುಂದು ಯಾವುದು, ಹಿಂದು ಯಾವುದು ಅಂತ ನಿರ್ಧರಿಸುವವರು ಯಾರು ಎಂದು ಕೇಳಿದಳು. ಅಲೆಫ್ ಮತ್ತು ಅಲಿಫ್ ಬಗ್ಗೆ ಹೇಳಿದಳು. ‘ಸತ್ಯ’ ಮತ್ತು ‘ಸತ್ತ’ ಬಗ್ಗೆ ಹೇಳುವಾಗ, ಇದು ನಮ್ಮ ಮೇಡಂ ತೋರಿಸಿಕೊಟ್ಟದ್ದು ಅಂದಳು. ಕಡೆಗೆ ಸುಡದ ಮಣ್ಣಿನ ಬಗ್ಗೆ. “ಈ ಅಂಶವನ್ನು ನನಗೆ ಕಲಿಸಿದವರು ನನ್ನ ತಂದೆ, ಅವರು ಇಟ್ಟಂಗಿ ಹೊಡೆಯುತ್ತಾರೆ,” ಎಂಬ ವಾಕ್ಯವನ್ನು ಅವಳು ಇಂಗ್ಲಿಷಿನಲ್ಲಿ ಓದಿ, ತಾನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು. ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು.

ಪ್ರಶ್ನೆಗೆ ಅವಕಾಶ ಕೊಟ್ಟಾಗ ಒಬ್ಬ ಹಿರಿಯರು ಎದ್ದರು. ಯಾವುದೋ ಕಾಲೇಜಿನ ಪ್ರಾಧ್ಯಾಪಕರಿರಬೇಕು. ಕನ್ನಡದಲ್ಲೇ ಕೇಳಿದರು: “ತಂಗಿ, ನೀವು ಮುಸ್ಲಿಮರು. ಯಹೂದಿಗಳ ಕಥಿಯನ್ನ ಇಷ್ಟು ಹೊಗಳಿ ಬರದೀರಿ. ನಿಮ್ಮ ಮನ್ಯಾಗ ಒಪ್ಪತಾರೇನು?”

ಸಭೆಯಲ್ಲಿ ಗುಸುಗುಸು ಶುರುವಾಯಿತು. ನಾನು ಏಳಬೇಕೆಂದು ಕುರ್ಚಿಯ ತುದಿಗೆ ಬಂದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

“ಎಲ್ಲಾರೂ ಒಪ್ಪಿಲ್ರಿ ಸರ್,” ಅಂದಳು. “ಯಹೂದಿಗಳ ಬಗ್ಗೆ ನಾನೂ ಏನೇನೋ ಕೇಳಿದ್ದೆ. ಮೊಬೈಲ್‌ನ್ಯಾಗ ಬಂದದ್ದನ್ನ ನಂಬಿದ್ದೆ. ಒಬ್ಬರನ್ನೂ ನೋಡಿಲ್ಲ, ಆದ್ರೂ ನಂಬಿದ್ದೆ. ನನ್ನ ಬಗ್ಗೆನೂ ಮಂದಿ ನನ್ನನ್ನ ಕೇಳದನ ಏನೇನೋ ನಂಬ್ಯಾರ. ನಾ ಓದಂಗಿಲ್ಲ, ನನಗ ತಿಳಿಯಂಗಿಲ್ಲ ಅಂತ. ಅವರ ಮ್ಯಾಲ ನನಗ ಸಿಟ್ಟು ಬರ್ತಿತ್ತು. ಈ ಕಾದಂಬರಿ ಓದಿದ ಮ್ಯಾಲ, ನಾನೂ ಅವರೂ ಒಂದ ಕೆಲಸ ಮಾಡಾಕತ್ತೀವಿ ಅಂತ ತಿಳೀತು. ನಮ್ಮದಿನ್ನೂ ಸುಟ್ಟಿಲ್ರಿ ಸರ್, ಹಸೀನ ಐತಿ. ಈಗ ತಿದ್ದಿಕೊಂಡ್ರ ಆಕ್ಕೈತಿ.”

ಪ್ರಶ್ನೆ ಕೇಳಿದವರು ಕೈ ಮುಗಿದು ಕೂತರು. ಚಪ್ಪಾಳೆ ಮೊದಲು ಹಿಂದಿನ ಸಾಲುಗಳಿಂದ ಬಂತು, ಇಡೀ ಸಭಾಂಗಣ ತುಂಬಿತು. ‘ನನ್ನ ಬಗ್ಗೆ ಮಂದಿ ನಂಬ್ಯಾರ’ ಅಂದಾಗ ಆ ಮಂದಿಯಲ್ಲಿ ನಾನೂ ಇದ್ದೆ ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ, ಎದ್ದು ನಿಂತು ಎಲ್ಲರಿಗೂ ಈಕೆ ನಮ್ಮ ಕಾಲೇಜಿನವಳು ಅಂತ ಕೂಗಿ ಹೇಳಬೇಕು ಅನ್ನಿಸುತ್ತಿತ್ತು.

ಬಹುಮಾನ ಬರಲಿಲ್ಲ. ಮೊದಲನೆಯದು ಬೇರೆ ಕಾಲೇಜಿಗೆ ಹೋಯಿತು, ಎರಡನೆಯದೂ ಹೋಯಿತು. ಗಿರಣಿಯವರ ಮಗಳು ಬಸ್‌ಸ್ಟ್ಯಾಂಡಿನವರೆಗೂ ತೀರ್ಪುಗಾರರನ್ನು ಬೈಯುತ್ತಲೇ ಬಂದಳು. ಅಲ್ಲಿ ಕನಕಗಿರಿ ಹುಡುಗಿಯ ತಂದೆ ನಮಗೆಲ್ಲ ಮಿರ್ಚಿ, ಮಂಡಕ್ಕಿ ಕೊಡಿಸಿದರು. ನಾನು ಬೇಡವೆಂದರೂ ಕೇಳಲಿಲ್ಲ. “ಇವತ್ತ ನಮ್ಮ ಹಬ್ಬರೀ,” ಅಂದರು.

ಅವಳ ಮಾಮು ಈಗಲೂ ಆ ವಿಷಯಕ್ಕೆ ಪೂರ್ತಿ ಒಪ್ಪಿಲ್ಲವಂತೆ. ಆದರೆ ಅವಳು ಎಂ.ಎ. ಪ್ರವೇಶದ ಪರೀಕ್ಷೆಗೆ ಹೋದ ದಿನ, ಬಸ್ಸು ತಪ್ಪಿದಾಗ ತಮ್ಮ ಗಾಡಿಯ ಮೇಲೆ ಕರೆದುಕೊಂಡು ಹೋಗಿ ಬಿಟ್ಟವರು ಅವರೇ. ದಾರಿಯುದ್ದಕ್ಕೂ ಮಾತಾಡಲಿಲ್ಲ, ಗೇಟಿನ ಹತ್ತಿರ ಪೆನ್ನು ಐತೇನು ಅಂತ ಮಾತ್ರ ಕೇಳಿದರು ಅಂತ ಅವಳು ನಗುತ್ತ ಹೇಳಿದ್ದಳು. ಎಂ.ಎ. ಆಯಿತು, ಬಿ.ಎಡ್. ಆಯಿತು. ಮದುವೆ ಮಾತು ಬಂದಾಗ ಅವಳೇ, ಕೆಲಸ ಸಿಕ್ಕ ಮೇಲೆ ಅಂದಳಂತೆ. ಈಗ ಕುಷ್ಟಗಿಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ.

ನಾನು ಆ ಗೈಡನ್ನು ಬಿಟ್ಟೆ. ಮುಂದಿನ ವರ್ಷದಿಂದ ಆ ಕಾದಂಬರಿಗೆ ಅವಳ ಪ್ರಬಂಧವನ್ನೇ ಜೆರಾಕ್ಸ್ ಮಾಡಿಸಿ ಹಂಚುತ್ತ ಬಂದೆ. ಪಾಠ ಶುರು ಮಾಡುವ ಮೊದಲು ನಾನು ಅಳಿಸಿದ ತಪ್ಪು ಅಕ್ಷರದ ಕಥೆಯನ್ನೂ ಹೇಳುತ್ತೇನೆ. ಮಕ್ಕಳು ನಗುತ್ತಾರೆ, ನಗಲಿ.

ಹೋದ ತಿಂಗಳು ಯಲಬುರ್ಗಾದ ಕಾಲೇಜಿನ ಅಧ್ಯಾಪಕರೊಬ್ಬರು ಫೋನ್ ಮಾಡಿದ್ದರು. ಅವರ ವಿದ್ಯಾರ್ಥಿಗಳ ಕೈಯಲ್ಲಿ ನಮ್ಮ ಕಾಲೇಜಿನ ಮಕ್ಕಳಿಂದ ಬಂದ ಒಂದು ಜೆರಾಕ್ಸ್ ಓಡಾಡುತ್ತಿದೆಯಂತೆ, ಮೊದಲ ಪುಟ ಹರಿದುಹೋಗಿ ಬರೆದವರ ಹೆಸರಿಲ್ಲ. “ಭಾಳ ಛಂದ ಬರದಾರ್ರಿ ಮೇಡಂ. ಯಾವ ಪ್ರೊಫೆಸರ್ ಬರದದ್ದು? ಧಾರವಾಡದವರೇನು?” ಅಂತ ಕೇಳಿದರು.

“ಇಲ್ರೀ ಸರ್, ಕನಕಗಿರಿಯವರು,” ಅಂದೆ. ಅವಳ ಹೆಸರು ಹೇಳಿದೆ, ನಂಬರು ಕೊಟ್ಟೆ. “ಬಿ.ಎ. ಓದುವಾಗ ಬರದದ್ದು. ಮಕ್ಕಳಿಗೆ ಏನಾರ ತಿಳಿಲಿಲ್ಲ ಅಂದ್ರ ಆಕೀನ್ನ ಕರಸ್ರಿ. ಕುಷ್ಟಗಿಯಿಂದ ನಿಮ್ಮೂರೇನು ದೂರಲ್ಲ, ಬರ್ತಾಳ.”